ಹೊರೆ ಹೊರುವ ಬಗೆ

ಮಂಗಳೂರಿನ ಹಳೆಯ ಬಂದರು ಪ್ರದೇಶವು ಬೆಳಗಿನ ಹೊತ್ತಿನಲ್ಲಿ ಹೊರೆಗಳ ಊರಾಗಿ ಕಾಣುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯ ಬಳಿ ಶತಮಾನಗಳಿಂದ ವ್ಯಾಪಾರವು ನಡೆದುಬಂದಿದೆ. ೧೯೭೪ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. ದೊಡ್ಡ ಹಡಗುಗಳು ಅತ್ತ ತಿರುಗಿದವು. ಅಲ್ಲಿ ಭಾರವನ್ನು ಎತ್ತುವ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ಆದರೆ ಹಳೆಯ ಬಂದರಿನ ಇಕ್ಕಟ್ಟಾದ ಬೀದಿಗಳಲ್ಲಿ ಲಾರಿಗೂ ಅಂಗಡಿಯ ಉಗ್ರಾಣಕ್ಕೂ ನಡುವಣ ಹತ್ತಿಪ್ಪತ್ತು ಮಾರು ದೂರವನ್ನು ಮೂಟೆಯು ಇಂದಿಗೂ ಮನುಷ್ಯನ ಬೆನ್ನಿನ ಮೇಲೆಯೇ ಸಾಗಬೇಕಾಗಿದೆ.

ಐವತ್ತು ಕಿಲೋಗ್ರಾಮಿನ ಮೂಟೆಯೊಂದನ್ನು ನುರಿತ ಹಮಾಲಿಯು ಹೊರುವ ರೀತಿಯನ್ನು ಗಮನಿಸಬೇಕು. ಅವನು ಅದನ್ನು ತೋಳುಗಳಿಂದ ಹೊರುವುದಿಲ್ಲ. ಮೊಣಕಾಲನ್ನು ತುಸು ಮಡಿಸಿ, ಮುಂದಕ್ಕೆ ಬಾಗಿ, ಇಬ್ಬರು ಎತ್ತಿಕೊಟ್ಟ ಮೂಟೆಯನ್ನು ಕತ್ತಿನ ಬುಡದಲ್ಲಿ, ಎರಡು ಹೆಗಲುಗಳ ನಡುವೆ ಅಡ್ಡಲಾಗಿ ಕೂರಿಸಿಕೊಳ್ಳುತ್ತಾನೆ. ಒಮ್ಮೆ ಮೈಯನ್ನು ಅಲುಗಿಸಿ ಮೂಟೆಯು ತನ್ನ ಸ್ಥಾನವನ್ನು ಕಂಡುಕೊಂಡಿತೇ ಎಂದು ನೋಡುತ್ತಾನೆ. ಅದು ಸರಿಯಾಗಿ ಕುಳಿತಿಲ್ಲವೆಂದು ತೋರಿದರೆ ಒಂದು ಹೆಜ್ಜೆಯನ್ನೂ ಇಡದೆ ಮತ್ತೆ ಸರಿಪಡಿಸಿಕೊಳ್ಳುತ್ತಾನೆ. ಆಮೇಲೆ ಅವನ ಕೈಗೆ ಉಳಿಯುವ ಕೆಲಸವೆಂದರೆ ಮೂಟೆ ಉರುಳದಂತೆ ತಡೆಯುವುದು ಮಾತ್ರ. ಭಾರವು ಬೆನ್ನೆಲುಬಿನ ಮೂಲಕ ಸೊಂಟಕ್ಕೂ, ಸೊಂಟದಿಂದ ಕಾಲಿನ ಎಲುಬುಗಳಿಗೂ, ಅಲ್ಲಿಂದ ನೆಲಕ್ಕೂ ಇಳಿಯುತ್ತದೆ.

ದೇಹದಲ್ಲಿ ಎಲುಬು ಕಂಬದಂತೆ, ಸ್ನಾಯು ಹಗ್ಗದಂತೆ. ಕಂಬವು ಭಾರವನ್ನು ತಾಳಿ ನಿಲ್ಲುತ್ತದೆ. ಹಗ್ಗವು ಎಳೆದು ಹಿಡಿಯಬೇಕಾಗುತ್ತದೆ, ಎಳೆದಷ್ಟೂ ದಣಿಯುತ್ತದೆ. ನೀರು ತುಂಬಿದ ಕೊಡಪಾನವನ್ನು ಮುಂದಕ್ಕೆ ಚಾಚಿದ ತೋಳಿನಲ್ಲಿ ಹಿಡಿದವನು ಅರೆಗಳಿಗೆಯಲ್ಲಿ ಸೋಲುತ್ತಾನೆ. ಅದೇ ಕೊಡವನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸು ಬಾವಿಯಿಂದ ಮನೆಯವರೆಗೆ ಮಾತನಾಡುತ್ತಲೇ ಬರುತ್ತಾಳೆ. ಕೊಡ ಒಂದೇ, ನೀರೂ ಒಂದೇ. ಅದು ಕುಳಿತ ಸ್ಥಳ ಮಾತ್ರ ಬೇರೆ.

ಹಳೆಯ ಬಂದರಿಗೆ ಹೊಂದಿಕೊಂಡಿರುವ ಮೀನುಗಾರಿಕಾ ಧಕ್ಕೆಗೆ ಹೋದರೆ ಈ ವಿದ್ಯೆಯ ಇನ್ನೊಂದು ಮುಖ ತೋರುತ್ತದೆ. ಕರಾವಳಿಯ ಮೀನುಗಾರ ಮಹಿಳೆಯರು ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರುತ್ತ ಬಂದವರು. ಬುಟ್ಟಿಗೂ ತಲೆಗೂ ನಡುವೆ ಬಟ್ಟೆಯನ್ನು ಸುತ್ತಿ ಮಾಡಿದ ಸಿಂಬಿಯಿರುತ್ತದೆ. ತುಳುನಾಡಿನ ಕೃಷಿಕಾರ್ಮಿಕರು ಅಡಿಕೆಯ ಹಾಳೆಯಿಂದ ಹೊಲಿದ ಮುಟ್ಟಾಳೆಯನ್ನು ಧರಿಸುತ್ತಿದ್ದರು. ಅದು ಬಿಸಿಲಿಗೆ ನೆರಳೂ ಹೌದು, ಹೊರೆಗೆ ಮೆತ್ತೆಯೂ ಹೌದು. ಸಿಂಬಿಯನ್ನು ಬರಿಯ ಮೆತ್ತೆಯೆಂದು ತಿಳಿಯುವುದು ತಪ್ಪು. ತಲೆಯು ಗುಂಡಾದುದು, ಬುಟ್ಟಿಯ ತಳ ಚಪ್ಪಟೆಯಾದುದು. ಎರಡೂ ನೇರವಾಗಿ ಕೂಡಿದರೆ ನೆತ್ತಿಯ ಒಂದು ಬಿಂದುವಿನಲ್ಲಿ ಮಾತ್ರ ತಾಗುತ್ತವೆ. ಇಪ್ಪತ್ತು ಕಿಲೋ ತೂಗುವ ಬುಟ್ಟಿಯು ಐದು ಚದರ ಸೆಂಟಿಮೀಟರಿನಷ್ಟು ಜಾಗದ ಮೇಲೆ ಕುಳಿತಿದೆಯೆಂದು ಭಾವಿಸಿದರೆ, ಪ್ರತಿ ಚದರ ಸೆಂಟಿಮೀಟರಿಗೆ ನಾಲ್ಕು ಕಿಲೋ ಭಾರ ಬೀಳುತ್ತದೆ. ಸಿಂಬಿಯು ಆ ಜಾಗವನ್ನು ಎಂಬತ್ತು ಚದರ ಸೆಂಟಿಮೀಟರಿಗೆ ಹಿಗ್ಗಿಸಿದರೆ ಅದು ಕಾಲು ಕಿಲೋಗೆ ಇಳಿಯುತ್ತದೆ. ವಿಜ್ಞಾನದ ಪಾಠದಲ್ಲಿ ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಕಲಿಯುವುದಕ್ಕೆ ಎಷ್ಟೋ ಮೊದಲೇ ಈ ಲೆಕ್ಕವು ಬಟ್ಟೆಯ ಸುರುಳಿಯೊಂದರಲ್ಲಿ ಅಡಗಿತ್ತು.

ಇವೆಲ್ಲಕ್ಕಿಂತಲೂ ಮೆಚ್ಚತಕ್ಕ ವಸ್ತುವೆಂದರೆ ಅಕ್ಕಿಮುಡಿ. ಗೋಣಿಚೀಲಗಳು ಎಲ್ಲೆಡೆ ಹರಡುವುದಕ್ಕೆ ಮುಂಚೆ ತುಳುನಾಡಿನಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ ಇಡುತ್ತಿದ್ದರು, ಸಾಗಿಸುತ್ತಿದ್ದರು. ಮುಡಿಯೊಂದಕ್ಕೆ ೪೨ ಸೇರು ಎಂಬುದು ವಾಡಿಕೆಯ ಲೆಕ್ಕ. ಹುಲ್ಲನ್ನು ಹರಡಿ, ಅಕ್ಕಿಯನ್ನು ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆ ಒಟ್ಟುಗೂಡಿಸಿ, ಹುಲ್ಲಿನದೇ ಹಗ್ಗದಿಂದ ಸುತ್ತಿ ಸುತ್ತಿ ಬಿಗಿಯುತ್ತಾರೆ. ನಡುನಡುವೆ ಬಡಿದು ಗುಂಡಗೆ ಮಾಡುತ್ತಾರೆ. ಒಂದೊಂದು ಎಳೆಯಾಗಿ ನೋಡಿದರೆ ಹುಲ್ಲಿನಷ್ಟು ಬಲಹೀನವಾದುದು ಬೇರೊಂದಿಲ್ಲ. ಆದರೆ ಕಟ್ಟಿ ಮುಗಿದ ಮುಡಿಯು ಕಲ್ಲಿನಂತೆ ಗಟ್ಟಿ. ಹೊತ್ತವನ ಹೆಗಲ ಮೇಲೆ ಅದು ಜೋತುಬೀಳದು, ಒಳಗಿನ ಅಕ್ಕಿ ಅತ್ತಿತ್ತ ಸರಿಯದು. ಹೊದಿಕೆ ಹಗುರ, ಹೊರೆ ಭಾರ. ಆದರೂ ಆಕಾರ ಕೆಡುವುದಿಲ್ಲ. ಅದಕ್ಕೆ ಕಾರಣ ಹುಲ್ಲಿನ ಬಲವಲ್ಲ, ಕಟ್ಟಿದ ಬಿಗಿ. ಮುಡಿ ಕಟ್ಟುವ ಕೈಗಳು ಈಗ ಊರಿಗೊಂದೆರಡು ಉಳಿದಿದ್ದರೆ ಹೆಚ್ಚು.

ಮಂಗಳೂರಿನಿಂದ ಮೂಡಣಕ್ಕೆ ನೋಡಿದರೆ ಶುಭ್ರವಾದ ದಿನಗಳಲ್ಲಿ ಪಶ್ಚಿಮಘಟ್ಟಗಳ ನೀಲಿರೇಖೆ ಕಾಣುತ್ತದೆ. ಹಿಂದೆ ಕರಾವಳಿಯ ಉಪ್ಪನ್ನು ಹೇರೆತ್ತುಗಳು ಬೆನ್ನ ಎರಡು ಮಗ್ಗುಲಿಗೂ ಸಮನಾಗಿ ಹೇರಿಕೊಂಡು ಆ ಘಟ್ಟಗಳನ್ನು ಹತ್ತುತ್ತಿದ್ದವು. ಇಂದು ನಗರದ ಯುವಕ ಯುವತಿಯರು ರಜಾದಿನಗಳಲ್ಲಿ ಕುದುರೆಮುಖಕ್ಕೂ ಕುಮಾರಪರ್ವತಕ್ಕೂ ಚಾರಣ ಹೋಗುತ್ತಾರೆ. ಅವರ ಹೊರೆ ಉಪ್ಪಲ್ಲ, ಬೆನ್ನುಚೀಲ. ಕುಮಾರಪರ್ವತದ ಎತ್ತರ ೧೭೧೨ ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಏರುವವರು ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರನ್ನು ಕಾಲ್ನಡೆಯಲ್ಲಿ ಕ್ರಮಿಸಬೇಕು. ಕಾಡು ಮುಗಿದ ಮೇಲೆ ನೆರಳಿಲ್ಲದ ಹುಲ್ಲುಗುಡ್ಡ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಮೂರು ನಾಲ್ಕು ಲೀಟರ್ ಇಲ್ಲದೆ ಅಲ್ಲಿ ನಡೆಯುವುದು ಜಾಣತನವಲ್ಲ. ಅದರೊಡನೆ ಆಹಾರ, ಹಾಸು, ಹೊದಿಕೆ, ಬದಲಿ ಬಟ್ಟೆ ಸೇರಿದರೆ ಹನ್ನೆರಡು ಕಿಲೋ ಆಗುವುದು ಕಷ್ಟವಲ್ಲ. ಅರ್ಧ ದಾರಿಯಲ್ಲಿ ಹೆಗಲು ಉರಿಯುತ್ತ, ಚೀಲದ ಪಟ್ಟಿಯೊಳಗೆ ಹೆಬ್ಬೆರಳನ್ನು ತೂರಿಸಿಕೊಂಡು ನಡೆಯುವವರನ್ನು ಇಂಥ ದಾರಿಗಳಲ್ಲಿ ಧಾರಾಳವಾಗಿ ಕಾಣಬಹುದು. ಇವರಲ್ಲಿ ಅನೇಕರ ಚೀಲವು ಅಂಗಡಿಯಲ್ಲಿಯೇ ಅತ್ಯಂತ ಹಗುರವಾದುದು!

ಹಗುರವಾದ ಚೀಲವು ಏಕೆ ನೋಯಿಸಬೇಕು? ಇದನ್ನು ತಿಳಿಯಲು ಬೆನ್ನುಚೀಲದ ರಚನೆಯನ್ನು ತುಸು ಅರಿಯಬೇಕು. ಹಳೆಯ ಚೀಲಗಳಲ್ಲಿ ಎರಡು ಹೆಗಲಪಟ್ಟಿಗಳು ಮಾತ್ರ ಇರುತ್ತಿದ್ದವು. ಇಡೀ ಭಾರವು ಹೆಗಲಿನಿಂದ ಜೋಲುತ್ತಿತ್ತು. ೧೯೫೨ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಕ್ ಕೆಲ್ಟಿ ಎಂಬಾತನು ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟುಳ್ಳ ಚೀಲಗಳನ್ನು ತಯಾರಿಸಿ ಮಾರತೊಡಗಿದನು. ಚೌಕಟ್ಟಿನ ಕೆಳತುದಿಗೆ ಸೊಂಟಪಟ್ಟಿಯನ್ನು ಸೇರಿಸಿದಾಗ ಹೊರೆಯ ಗಣನೀಯ ಪಾಲು ಹೆಗಲನ್ನು ಬಿಟ್ಟು ಸೊಂಟದ ಎಲುಬಿನ ಮೇಲೆ ಕುಳಿತಿತು. ನೀರಿನ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವ ಹೆಂಗಸು ಮಾಡುವುದನ್ನೇ ಈ ಪಟ್ಟಿಯೂ ಮಾಡುತ್ತದೆ. ಕೊಡವು ಒಂದು ಮಗ್ಗುಲಿಗೆ, ಪಟ್ಟಿಯು ಎರಡು ಮಗ್ಗುಲಿಗೂ ಎಂಬುದಷ್ಟೇ ವ್ಯತ್ಯಾಸ.

ಆದರೆ ಭಾರವು ಸೊಂಟಕ್ಕೆ ಇಳಿಯಬೇಕಾದರೆ ಹೆಗಲಿಗೂ ಸೊಂಟಕ್ಕೂ ನಡುವೆ ಬಾಗದಿರುವ ಏನಾದರೊಂದು ಇರಲೇಬೇಕು. ಹಗ್ಗದಿಂದ ಯಾರೂ ಚಪ್ಪರವನ್ನು ಎತ್ತಿ ನಿಲ್ಲಿಸಲಾರರು. ತೂಕವನ್ನು ಉಳಿಸುವ ಆಸೆಯಿಂದ ಅತಿ ಹಗುರವಾದ ಚೀಲಗಳಲ್ಲಿ ಚೌಕಟ್ಟನ್ನೇ ತೆಗೆದಿರುತ್ತಾರೆ. ಅಂಥ ಚೀಲವು ಅರ್ಧ ಕಿಲೋ ತೂಗಬಹುದು. ಏಳೆಂಟು ಕಿಲೋ ಹೊರೆಗೆ ಅದು ಬಹಳ ಹಿತ. ಹದಿನಾಲ್ಕು ಹದಿನೈದು ಕಿಲೋ ತುಂಬಿದರೆ ಬಟ್ಟೆಯು ನಡುವೆ ಕುಸಿದು ಮಡಿಚಿಕೊಳ್ಳುತ್ತದೆ; ಸೊಂಟಪಟ್ಟಿ ಇದ್ದರೂ ಅದು ಬರಿಯ ಅಲಂಕಾರವಾಗುತ್ತದೆ; ಭಾರವೆಲ್ಲ ಮರಳಿ ಹೆಗಲಿಗೆ ಬರುತ್ತದೆ. ಚೀಲದಲ್ಲಿ ಒಂದು ಕಿಲೋ ಉಳಿಸಿ ಹೆಗಲಿನ ಮೇಲೆ ಹತ್ತು ಕಿಲೋ ಹೇರಿಕೊಂಡಂತಾಗುತ್ತದೆ. ಮಾರುವವರು ಚೀಲದ ತೂಕವನ್ನು ದೊಡ್ಡ ಅಕ್ಷರಗಳಲ್ಲಿಯೂ, ಅದು ಹೊರಬಲ್ಲ ತೂಕವನ್ನು ಸಣ್ಣ ಅಕ್ಷರಗಳಲ್ಲಿಯೂ ಬರೆಯುವುದುಂಟು. ಕೊಳ್ಳುವವನು ಸಣ್ಣ ಅಕ್ಷರಗಳನ್ನೇ ಮೊದಲು ಓದುವುದು ಲೇಸು.

ಹಾಗೆಂದು ಹಗುರವಾದ ಚೀಲವನ್ನು ಒಮ್ಮೆಲೇ ತಳ್ಳಿಹಾಕಬೇಕಾಗಿಲ್ಲ. ಮುಡಿ ಕಟ್ಟಿದವರ ಉಪಾಯ ಇಲ್ಲಿ ನೆರವಾಗುತ್ತದೆ. ಮಲಗಲು ಒಯ್ಯುವ ತೆಳುವಾದ ನೊರೆಹಾಸನ್ನು ಚೀಲದೊಳಗೆ ಕೊಳವೆಯಾಕಾರದಲ್ಲಿ ನಿಲ್ಲಿಸಿ, ಅದರೊಳಗೆ ಉಳಿದ ಸಾಮಾನುಗಳನ್ನು ಬಿಗಿಯಾಗಿ ತುಂಬಿದರೆ ಚೀಲಕ್ಕೆ ಬೆನ್ನೆಲುಬು ಬಂದಂತಾಗುತ್ತದೆ. ಹಾಸನ್ನು ಮಡಿಸಿ ಬೆನ್ನಿನ ಕಡೆಗೆ ಹಲಗೆಯಂತೆ ಇಡುವುದೂ ಉಂಟು. ಮೂಲೆಮೂಲೆಗೂ ಬಟ್ಟೆಯನ್ನು ತುರುಕಿ, ಎಲ್ಲಿಯೂ ಪೊಳ್ಳು ಉಳಿಯದಂತೆ ಮಾಡಿ, ಹೊರಗಿನ ಪಟ್ಟಿಗಳನ್ನು ಎಳೆದು ಕಟ್ಟಬೇಕು. ಅರ್ಧ ತುಂಬಿದ ಗೋಣಿಯನ್ನು ಹೊರುವುದಕ್ಕಿಂತ ಬಿಗಿಯಾಗಿ ತುಂಬಿ ಹೊಲಿದ ಗೋಣಿಯನ್ನು ಹೊರುವುದು ಸುಲಭವೆಂದು ಬಂದರಿನ ಯಾವ ಹಮಾಲಿಯನ್ನು ಕೇಳಿದರೂ ಹೇಳುವನು. ಇಷ್ಟಾದರೂ ಈ ಉಪಾಯಕ್ಕೆ ಮಿತಿಯಿದೆ. ಹೊರೆ ಹೆಚ್ಚಿದಂತೆ ಸಣ್ಣ ಚೌಕಟ್ಟಾದರೂ ಇರುವ ಚೀಲವೇ ಬೇಕು, ಅದು ಅರ್ಧ ಕಿಲೋ ಹೆಚ್ಚು ತೂಗಿದರೂ ಸರಿ.

ಎರಡನೆಯ ವಿಷಯ ಅಳತೆಯದು. ಚೀಲವನ್ನು ಮನುಷ್ಯನ ಎತ್ತರಕ್ಕೆ ತಕ್ಕಂತೆ ಕೊಳ್ಳುವುದು ರೂಢಿ, ಅದು ಸರಿಯಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನಿಗೆ ಕಾಲು ಉದ್ದ, ಇನ್ನೊಬ್ಬನಿಗೆ ಮುಂಡ ಉದ್ದ. ಚೀಲಕ್ಕೆ ಬೇಕಾದುದು ಮುಂಡದ ಅಳತೆ. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಎಲುಬು ಉಬ್ಬಿ ಬೆರಳಿಗೆ ಸಿಗುತ್ತದೆ. ಅದು ಸಾಮಾನ್ಯವಾಗಿ ಕುತ್ತಿಗೆಯ ಏಳನೆಯ ಕಶೇರು. ಎರಡು ಕೈಗಳನ್ನೂ ಸೊಂಟದ ಮಗ್ಗುಲಿಗೆ ಒತ್ತಿದಾಗ ಸೊಂಟದ ಎಲುಬಿನ ಮೇಲಂಚು ತಿಳಿಯುತ್ತದೆ. ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಅವುಗಳ ನಡುವಣ ರೇಖೆ ಬೆನ್ನೆಲುಬನ್ನು ಕೂಡುತ್ತದೆ. ಆ ಉಬ್ಬಿನಿಂದ ಈ ರೇಖೆಯವರೆಗೆ ಬೆನ್ನಿನ ಬಾಗನ್ನು ಅನುಸರಿಸಿ ಅಳೆದರೆ ಬೇಕಾದ ಉದ್ದ ದೊರೆಯುತ್ತದೆ. ಇದನ್ನು ತಾನೇ ಅಳೆದುಕೊಳ್ಳುವುದು ಕಷ್ಟ. ಗೆಳೆಯನೊಬ್ಬನೂ ದರ್ಜಿಯ ಟೇಪೂ ಇದ್ದರೆ ಎರಡು ನಿಮಿಷದ ಕೆಲಸ. ಚೀಲದ ಉದ್ದ ಕಡಿಮೆಯಾದರೆ ಸೊಂಟಪಟ್ಟಿಯು ಹೊಟ್ಟೆಯ ಮೇಲೆ ಏರಿ ಉಸಿರನ್ನು ಒತ್ತುತ್ತದೆ. ಹೆಚ್ಚಾದರೆ ಹೆಗಲಪಟ್ಟಿಯು ಹೆಗಲಿಗೆ ತಾಗದೆ ಗಾಳಿಯಲ್ಲಿ ನಿಂತು, ಚೀಲವು ಹಿಂದಕ್ಕೆ ವಾಲುತ್ತದೆ.

ಧರಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಪಟ್ಟಿಗಳೆಲ್ಲವನ್ನೂ ಸಡಿಲಿಸಬೇಕು. ಚೀಲವನ್ನು ಬೆನ್ನಿಗೇರಿಸಿ, ಹೆಗಲುಗಳನ್ನು ಮೇಲಕ್ಕೆ ಕುಣಿಸಿ, ಸೊಂಟಪಟ್ಟಿಯ ನಡುಭಾಗವು ಸೊಂಟದ ಎಲುಬಿನ ಅಂಚನ್ನು ತಬ್ಬುವಂತೆ ಇಟ್ಟು ಬಿಗಿಯಬೇಕು. ಆ ಮೇಲೆ ಹೆಗಲಪಟ್ಟಿಗಳನ್ನು ಅವು ಹೆಗಲನ್ನು ಆವರಿಸುವಷ್ಟು ಮಾತ್ರ ಎಳೆಯಬೇಕು; ಹೆಚ್ಚು ಎಳೆದರೆ ಸೊಂಟದ ಮೇಲೆ ಕುಳಿತ ಭಾರವನ್ನು ತಾನೇ ಮೇಲಕ್ಕೆತ್ತಿಕೊಂಡಂತೆ. ದೊಡ್ಡ ಚೀಲಗಳಲ್ಲಿ ಹೆಗಲಪಟ್ಟಿಯ ಮೇಲ್ಭಾಗದಿಂದ ಚೀಲದ ನೆತ್ತಿಗೆ ಹೋಗುವ ಸಣ್ಣ ಪಟ್ಟಿಗಳಿರುತ್ತವೆ. ಅವುಗಳನ್ನು ತುಸು ಎಳೆದರೆ ಹಿಂದಕ್ಕೆ ಬಾಗುವ ಚೀಲವು ಬೆನ್ನಿಗೆ ಸರಿಯುತ್ತದೆ. ಎದೆಪಟ್ಟಿಯನ್ನು ಕಡೆಗೆ ಹಾಕಬೇಕು, ಉಸಿರಾಟಕ್ಕೆ ಅಡ್ಡಿಯಾಗದಂತೆ. ಅವಸರದಲ್ಲಿ ಹೊರಡುವವರು ಈ ಕ್ರಮವನ್ನು ತಿರುವುಮುರುವು ಮಾಡಿ, ಹೆಗಲನ್ನು ಮೊದಲು ಬಿಗಿದು ಸೊಂಟವನ್ನು ಮರೆಯುತ್ತಾರೆ. ದಾರಿಯಲ್ಲಿ ಗಂಟೆಗೊಮ್ಮೆ ಪಟ್ಟಿಗಳನ್ನು ಸ್ವಲ್ಪ ಸಡಿಲಿಸಿ ಬಿಗಿದು, ಭಾರವನ್ನು ಹೆಗಲಿಗೂ ಸೊಂಟಕ್ಕೂ ಹಂಚುತ್ತ ಹೋದರೆ ಒಂದೇ ಜಾಗವು ಸತತವಾಗಿ ನೋಯದು. ಕರಾವಳಿಯ ಸೆಕೆಯಲ್ಲಿ ಬೆವರಿನ ಉಪ್ಪು ಪಟ್ಟಿಯಡಿಯ ಚರ್ಮವನ್ನು ಬಲುಬೇಗ ಕೆರೆಯುತ್ತದೆ. ಅಂಗಿಯ ದಪ್ಪ ಹೊಲಿಗೆ ಪಟ್ಟಿಯ ಕೆಳಗೆ ಸಿಕ್ಕದಂತೆ ನೋಡಿಕೊಳ್ಳುವುದು ಸಣ್ಣ ಮಾತಾದರೂ ಉಪೇಕ್ಷಿಸತಕ್ಕದ್ದಲ್ಲ.

ಒಳಗೆ ಇಡುವ ಕ್ರಮದಲ್ಲಿ ಒಂದೇ ಸೂತ್ರ: ಭಾರವಾದುದು ಬೆನ್ನಿಗೆ ಹತ್ತಿರ. ನೀರು, ಅಕ್ಕಿ, ಒಲೆ ಇವು ಬೆನ್ನೆಲುಬಿಗೆ ಅಂಟಿಕೊಂಡು ಹೆಗಲಿನ ಮೂಳೆಗಳ ನಡುವೆ ಅಥವಾ ತುಸು ಕೆಳಗೆ ಇರಬೇಕು, ಹೊದಿಕೆ ತಳದಲ್ಲಿ, ಹಗುರವಾದ ಬಟ್ಟೆ ಹೊರಮಗ್ಗುಲಿಗೆ. ನಾಲ್ಕು ಕಿಲೋ ನೀರು ಬೆನ್ನಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿರುವುದಕ್ಕೂ ಮೂವತ್ತು ಸೆಂಟಿಮೀಟರ್ ದೂರದಲ್ಲಿರುವುದಕ್ಕೂ ತೂಕದಲ್ಲಿ ಭೇದವಿಲ್ಲ. ಆದರೆ ದೇಹವನ್ನು ಹಿಂದಕ್ಕೆ ಉರುಳಿಸುವ ಅದರ ಶಕ್ತಿ ಮೂರು ಪಟ್ಟು ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ನಡೆಯುವವನು ಮುಂದಕ್ಕೆ ಬಾಗುತ್ತಾನೆ. ಬಾಗಿದ ಬೆನ್ನನ್ನು ಹಿಡಿದು ನಿಲ್ಲಿಸುವ ಶ್ರಮವೆಲ್ಲ ಸ್ನಾಯುಗಳ ಪಾಲಾಗುತ್ತದೆ.

ಹೊರುವವರ ಸಾಮರ್ಥ್ಯವನ್ನು ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ೧೯೮೬ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಪೂರ್ವ ಆಫ್ರಿಕಾದ ಕೆಲವು ಹೆಂಗಸರು ತಮ್ಮ ದೇಹದ ತೂಕದ ಶೇಕಡಾ ೨೦ರಷ್ಟು ಹೊರೆಯನ್ನು ಹೊತ್ತು ನಡೆದಾಗ, ಬರಿಗೈಯಲ್ಲಿ ನಡೆದುದಕ್ಕಿಂತ ಹೆಚ್ಚು ಶಕ್ತಿಯನ್ನು ವ್ಯಯಿಸಲಿಲ್ಲ. ನೇಪಾಳದ ಹೊರೆಯಾಳುಗಳು ಬುಟ್ಟಿಗೆ ಕಟ್ಟಿದ ಪಟ್ಟಿಯನ್ನು ತಲೆಯ ಮುಂಭಾಗಕ್ಕೆ ಆತುಕೊಂಡು ನಡೆಯುತ್ತಾರೆ. ೨೦೦೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರ ಹೊರೆ ಸರಾಸರಿಯಾಗಿ ಅವರ ದೇಹತೂಕದ ಶೇಕಡಾ ೯೩ರಷ್ಟಿತ್ತು. ಆದರೆ ಈ ಅಂಕಿಗಳನ್ನು ಕಂಡು ಬೆರಗಾಗಿ ಕುಳಿತರೆ ಅದು ಅರೆಸತ್ಯ. ಬಾಲ್ಯದಿಂದ ರೂಢಿಯಾದ ನಡಿಗೆ, ನಿಧಾನವಾದ ಹೆಜ್ಜೆ, ಪದೇ ಪದೇ ನಿಂತು ಪಡೆಯುವ ವಿಶ್ರಾಂತಿ ಇವು ಆ ಸಾಮರ್ಥ್ಯದ ಹಿಂದಿವೆ. ಬೇರೆ ಜೀವನೋಪಾಯ ಇಲ್ಲದಿರುವಿಕೆಯೂ ಇದೆ. ವರ್ಷಗಟ್ಟಲೆ ತಲೆಹೊರೆ ಹೊತ್ತವರ ಕುತ್ತಿಗೆಯ ಎಲುಬುಗಳು ಸವೆಯುತ್ತವೆ. ಸಿಂಬಿಯು ನೆತ್ತಿಯ ನೋವನ್ನು ತಡೆದೀತೇ ಹೊರತು ಕುತ್ತಿಗೆಯ ಮೇಲಿನ ಭಾರವನ್ನು ಕಡಿಮೆ ಮಾಡಲಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ ವಯಸ್ಕ ಗಂಡಾಳು ಹೊರುವ ಹೊರೆ ೫೫ ಕಿಲೋ ಮೀರದಂತೆ ಕ್ರಮ ಕೈಗೊಳ್ಳಬೇಕೆಂದು ಶಿಫಾರಸು ಮಾಡಿತು. ಬೆಟ್ಟಕ್ಕೆ ಹೋಗುವವನು ಹೊರೆಯನ್ನು ತಾನೇ ಆರಿಸಿಕೊಳ್ಳುತ್ತಾನೆ, ಬೇಡವೆಂದರೆ ಇಳಿಸಿಬಿಡಬಲ್ಲನು. ಬಂದರಿನ ಬೆನ್ನಿಗೆ ಆ ಸ್ವಾತಂತ್ರ್ಯವಿಲ್ಲ.

ಬೆಳೆಯುತ್ತಿರುವ ದೇಹಕ್ಕೆ ಮಿತಿಯು ಇನ್ನೂ ಕಡಿಮೆ. ೨೦೧೯ರಲ್ಲಿ ಕರ್ನಾಟಕ ಸರಕಾರವು ಶಾಲಾಚೀಲದ ತೂಕವನ್ನು ನಿಗದಿಪಡಿಸಿ ಆದೇಶ ಹೊರಡಿಸಿತು. ಅದರಂತೆ ಒಂದು ಮತ್ತು ಎರಡನೆಯ ತರಗತಿಯವರಿಗೆ ಒಂದೂವರೆಯಿಂದ ಎರಡು ಕಿಲೋ. ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ನಾಲ್ಕರಿಂದ ಐದು ಕಿಲೋ. ಶಾಲಾಚೀಲಕ್ಕೆ ಸಾಮಾನ್ಯವಾಗಿ ಚೌಕಟ್ಟೂ ಇಲ್ಲ, ಸೊಂಟಪಟ್ಟಿಯೂ ಇಲ್ಲ. ಅದರ ಭಾರವೆಲ್ಲ ಹೆಗಲಿನದೇ. ಆದುದರಿಂದ ಬೆಟ್ಟದ ಚೀಲಕ್ಕಿರುವ ಉಪಾಯಗಳಲ್ಲಿ ಇಲ್ಲಿ ಉಳಿಯುವುವು ಕೆಲವೇ: ದಪ್ಪ ಪುಸ್ತಕಗಳನ್ನು ಬೆನ್ನಿನ ಕಡೆಗೆ ನಿಲ್ಲಿಸುವುದು, ಪಟ್ಟಿಗಳನ್ನು ಗಿಡ್ಡ ಮಾಡಿ ಚೀಲವು ಸೊಂಟದಿಂದ ಕೆಳಗೆ ಜೋಲದಂತೆ ಕಾಯುವುದು, ಎರಡು ಪಟ್ಟಿಗಳನ್ನೂ ಧರಿಸುವುದು. ಒಂದೇ ಹೆಗಲಿಗೆ ಚೀಲವನ್ನು ಜೋಲುಬಿಟ್ಟು ನಡೆಯುವುದು ನೋಡುವವರಿಗೆ ಠೀವಿಯಾಗಿ ಕಂಡೀತು. ಆದರೆ ಬೆನ್ನೆಲುಬು ಇನ್ನೊಂದು ಪಕ್ಕಕ್ಕೆ ಡೊಂಕಾಗಿ ಆ ಠೀವಿಯ ಬೆಲೆಯನ್ನು ತೆರುತ್ತಿರುತ್ತದೆ. ಮೇ ತಿಂಗಳಲ್ಲಿ ಕೊಂಡ ಚೀಲದ ಪಟ್ಟಿಯ ಉದ್ದ ಡಿಸೆಂಬರಿನಲ್ಲಿ ಸರಿಹೊಂದದಿರಬಹುದು. ಈ ವಯಸ್ಸಿನಲ್ಲಿ ಬೆನ್ನು ಅಷ್ಟು ವೇಗವಾಗಿ ಬೆಳೆಯುತ್ತದೆ.

ಹೊರೆಯ ವಿಷಯದಲ್ಲಿ ಇಳಿಸುವುದೂ ಮತ್ತೆ ಏರಿಸುವುದೂ ಹೊರುವುದರಷ್ಟೇ ಅಪಾಯದ ಗಳಿಗೆಗಳು. ದಕ್ಷಿಣ ಭಾರತದ ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಗಂಬಗಳ ಮೇಲೆ ಅಡ್ಡಚಪ್ಪಡಿಯನ್ನಿಟ್ಟು ಮಾಡಿದ ಹೊರೆಯ ಕಲ್ಲುಗಳು ಅಲ್ಲಲ್ಲಿ ಉಳಿದಿವೆ. ಕೇರಳದಲ್ಲಿ ಅವನ್ನು ಅತ್ತಾಣಿ ಎಂದೂ, ತಮಿಳುನಾಡಿನಲ್ಲಿ ಸುಮೈತಾಂಗಿ ಎಂದೂ ಕರೆಯುತ್ತಾರೆ. ಅವುಗಳ ಎತ್ತರ ಸುಮಾರಾಗಿ ಆಳಿನ ಹೆಗಲಿನ ಮಟ್ಟ. ಒಂಟಿಯಾಗಿ ನಡೆಯುವ ಹೊರೆಯಾಳು ಮತ್ತೊಬ್ಬರ ನೆರವಿಲ್ಲದೆ ಹೊರೆಯನ್ನು ಚಪ್ಪಡಿಗೆ ಸರಿಸಿ, ದಣಿವಾರಿಸಿಕೊಂಡು, ಬಾಗದೆಯೇ ಮತ್ತೆ ಹೆಗಲಿಗೆ ಎಳೆದುಕೊಳ್ಳಬಹುದಿತ್ತು. ಬೆಟ್ಟದ ದಾರಿಯಲ್ಲಿ ಅಂಥ ಕಲ್ಲುಗಳಿಲ್ಲ. ಅಲ್ಲಿ ಸೊಂಟದೆತ್ತರದ ಬಂಡೆಯೊಂದನ್ನು ನೋಡಿ, ಅದಕ್ಕೆ ಬೆನ್ನು ಮಾಡಿ ನಿಂತು ಚೀಲವನ್ನು ಮೆಲ್ಲಗೆ ಇಳಿಸಬೇಕು. ಹೊರಡುವಾಗ ಹಾಗೆಯೇ ಬೆನ್ನಾನಿಸಿ ಪಟ್ಟಿಗಳೊಳಗೆ ತೋಳುಗಳನ್ನು ತೂರಿಸಿ, ಸೊಂಟಪಟ್ಟಿಯನ್ನು ಬಿಗಿದ ಬಳಿಕವೇ ಕಾಲುಗಳ ಬಲದಿಂದ ಮೇಲೇಳಬೇಕು. ಬಂಡೆ ಸಿಕ್ಕದಿದ್ದರೆ ಚೀಲವನ್ನು ಮೊದಲು ಮಡಿಸಿದ ತೊಡೆಯ ಮೇಲಕ್ಕೆ, ಅಲ್ಲಿಂದ ಒಂದು ಹೆಗಲಿಗೆ, ಅನಂತರ ಇನ್ನೊಂದಕ್ಕೆ ಏರಿಸುತ್ತಾರೆ.